ನೀನು ಹಾಕಿಸಿದ ಕಾಪರ್-ಟಿ

ಅಮ್ಮಾ,

ಸತ್ತವಳ ಮೇಲೆ ಇಷ್ಟು ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇವತ್ತು ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದೆ. ಡಾಕ್ಟರಮ್ಮ ಪರದೆ ನೋಡುತ್ತಾ, "ಈ ಕಾಪರ್-ಟಿ ಹಾಕಿಸ್ಕೊಂಡು ಎಷ್ಟು ವರ್ಷ ಆಯ್ತು?" ಅಂದರು.

"ನಾನ್ಯಾಕೆ ಹಾಕಿಸ್ಕೊಳ್ಳಲಿ? ಇನ್ನೊಂದು ಮಗು ಬೇಕು ಅಂತ ಹಂಬಲಿಸಿದೋಳು ನಾನು" ಎಂದೆ.

ಪಕ್ಕದಲ್ಲಿದ್ದ ಅಕ್ಕ ತಲೆ ತಗ್ಗಿಸಿದಳು. "ಮೊದಲನೇ ಹೆರಿಗೇಲೇ ಸಾಯೋ ಹಾಗಾಗಿದ್ಯಲ್ಲ, ನಿನಗೆ ಪ್ರಜ್ಞೆ ಇಲ್ಲದಾಗ ಅಮ್ಮನೇ ಹಾಕಿಸಿದ್ಲು ಕಣೇ. ಆಮೇಲೆ ಹೇಳೋಕೆ ಅವಳಿಗೆ ಬಾಯೇ ಬರಲಿಲ್ಲ."

ಬಾಯಿ ಬರಲಿಲ್ಲವಂತೆ! ತಿಂಗಳು ತಿಂಗಳೂ ನಾನು ಮುಟ್ಟಾಗಿ ಅಳುತ್ತಾ ಮಲಗಿದಾಗ ಬಿಸಿನೀರಿನ ಚೀಲ ತಂದು ಹೊಟ್ಟೆಯ ಮೇಲಿಟ್ಟು, "ಮುಂದಿನ ತಿಂಗಳು ನೋಡೋಣ ಬಿಡು" ಅನ್ನಲು ಬರುತ್ತಿತ್ತಲ್ಲ? ಡಾಕ್ಟರಿಗೆ ತೋರಿಸುತ್ತೇನೆಂದರೆ, "ಆಗೋ ಕಾಲಕ್ಕೆ ಆಗುತ್ತೆ" ಎಂದು ತಡೆದವಳೂ ನೀನೇ. ಅತ್ತೆ ಚುಚ್ಚಿ ಮಾತಾಡಿದಾಗ ನನ್ನ ಪರ ಜಗಳಕ್ಕೆ ನಿಂತವಳೂ ನೀನೇ. ಯಾವ ಮುಖ ಇಟ್ಟುಕೊಂಡು ನಿಂತೆ? ಹೊಟ್ಟೆ ನನ್ನದು. ಒಂದು ಮಾತು ಕೇಳಿದ್ದರೆ ನಾನೇ ಹೂಂ ಅನ್ನುತ್ತಿದ್ದೆನೇನೋ.

ಅದನ್ನು ಇವತ್ತೇ ತೆಗೆದರು. ಹೊಟ್ಟೆ ಕಿವುಚುತ್ತಿದೆ. ನಿನ್ನ ಬಿಸಿನೀರಿನ ಚೀಲ ಹುಡುಕಿ ತುಂಬಿಸಿಕೊಂಡೆ. ಮುಚ್ಚಳವನ್ನು ನಿನ್ನಷ್ಟು ಬಿಗಿಯಾಗಿ ತಿರುಗಿಸಲು ನನಗೆ ಬರಲಿಲ್ಲ. ಹಾಸಿಗೆಯೆಲ್ಲ ಒದ್ದೆ.