ಸುಣ್ಣದ ಚೀಲದೊಳಗಿನ ಬೆಂಕಿ

ಪ್ರೀತಿಯ ಅಣ್ಣ,

ಯುಗಾದಿಗೆ ಮನೆಗೆ ಬಳಿಯಲೆಂದು ನೀನು ಬಾಗಲಕೋಟೆಯ ಭಟ್ಟಿಯಿಂದ ಸುಟ್ಟ ಸುಣ್ಣದ ಕಲ್ಲು ತಂದಿದ್ದೆ. ಗಾಳಿ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೊಟ್ಟಿಗೆಯಲ್ಲಿ, ಮೇವಿನ ಪಕ್ಕ ಇಟ್ಟೆ. ಹಬ್ಬಕ್ಕೆ ಮೊದಲೇ ನೀನು ಹೋದೆ. "ಸತ್ತ ಮನಿಗೆ ವರ್ಷ ತುಂಬೂತನಕ ಸುಣ್ಣ ಹಚ್ಚಬಾರದು" ಅಂದಳು ಅವ್ವ. ಚೀಲ ಅಲ್ಲೇ ಉಳಿಯಿತು; ಈಚೆಗೆ ಇಲಿ ಕಡಿದು ಅದರ ಬಾಯಿ ಹರಿದಿತ್ತು.

ಹೋದ ವಾರ ನಮ್ಮ ಗುಡೂರಿನಲ್ಲಿ ರಾತ್ರಿಯಿಡೀ ಮಳೆ. ಬೆಳಗ್ಗೆ ಕೊಟ್ಟಿಗೆ ಉರಿಯುತ್ತಿತ್ತು. ಕುರಿ ಹೊಡೆದುಕೊಂಡು ಹೊರಟಿದ್ದ ಹಿಂದಿನ ಓಣಿಯ ಮಾಳಪ್ಪ ಹೊಗೆ ನೋಡಿ ಓಡಿಬಂದು ಎಮ್ಮೆ ಬಿಚ್ಚಿದ. ಅವ್ವನ ಕಣ್ಣಿಗೆ ಬಿದ್ದದ್ದು ಮಾತ್ರ ಅವನ ಕಿವಿಯ ಮೇಲಿನ ಬೀಡಿ.

"ಮಳ್ಯಾಗ ಬೆಂಕಿ ತಾನಾಗೇ ಹತ್ತತೈತೇನಲೇ? ನೀನ ಹಚ್ಚಿ, ನೀನ ಆರಸಾಕ ಬಂದಿ?" ಅವ್ವ ಕೂಗಿದ್ದು ಓಣಿಯ ಮಂದಿಗೆಲ್ಲ ಕೇಳಿಸಿತು.

"ಯವ್ವಾ, ನಿನ್ನ ಎಮ್ಮಿ ಹಾಲು ಕುಡದ ನನ್ನ ಮಗ ಬೆಳದಾನು. ನಾ ಯಾಕ ಹಚ್ಚಲಿ?" ಅಂದ. ಅಂದಿನಿಂದ ನಮ್ಮ ಓಣಿ ತಪ್ಪಿಸಿ ಸುತ್ತುಹಾಕಿ ಹೋಗುತ್ತಾನೆ.

ನೀನು ಕಟ್ಟೆಯ ಮೇಲೆ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದದ್ದು ನೆನಪಾಯಿತು. ಸುಣ್ಣದ ಕಲ್ಲಿಗೆ ನೀರು ಹಾಕಿ, "ಬಿಸಿ ಪುಕ್ಕಟ ಹುಟ್ಟಂಗಿಲ್ರೋ. ಭಟ್ಟಿಯಾಗ ನುಂಗಿದ್ದರಾಗ ಒಂದು ಪಾಲು ಈಗ ಕಾರತೈತಿ" ಅನ್ನುತ್ತಿದ್ದೆ. ಬೂದಿ ಕೆದಕಿದೆ. ಸೂರಿನ ತಗಡಿನ ತೂತಿನ ನೇರ ಕೆಳಗೆ, ನಿನ್ನ ಚೀಲವಿದ್ದ ಜಾಗದಲ್ಲಿ, ಬಿಳಿ ಹಿಟ್ಟು ಅರಳಿ ಬಿದ್ದಿತ್ತು. ಸೋರಿದ ಮಳೆನೀರಿಗೆ ಸುಣ್ಣ ಕಾದು ಮೇವಿಗೆ ಬೆಂಕಿ ಹತ್ತಿತ್ತು. ಅಷ್ಟು ಬಲ್ಲವನು ಮೇವಿನ ಪಕ್ಕ ಏಕಿಟ್ಟೆ? ನಾಳೆಯೋ ನಾಡಿದ್ದೋ ಬಳಿಯುವುದೇ ಅಲ್ಲವೇ ಅಂತ...

ನಿನ್ನ ಪ್ರಯೋಗದ ಡಬ್ಬಿಯಲ್ಲಿ ಒಂದು ಕಲ್ಲು ಉಳಿದಿತ್ತು. ಅವ್ವನ ಮುಂದೆ ತಾಟಿನಲ್ಲಿಟ್ಟು ನೀರು ಚಿಮುಕಿಸಿದೆ. ಕಲ್ಲು ಬಿರಿಯಿತು, ಹಬೆ ಎದ್ದಿತು. ತಾಟು ಮುಟ್ಟಿದ ಅವ್ವ ಕೈ ಹಿಂದೆಳೆದುಕೊಂಡಳು.

"ಅಂದ್ರ ನನ್ನ ಮಗನ ಹಚ್ಚಿದಂಗಾತಲ್ಲೋ."

"ಯಾರೂ ಹಚ್ಚಿಲ್ಲವ್ವಾ."

"ಮಂದಿಗೆ ಹೇಳಬ್ಯಾಡ. ಸತ್ತವನ ಮ್ಯಾಲೆ ಯಾಕ ಹೊರಸ್ತಿ? ಮಾಳಪ್ಪ ಬದುಕ್ಯಾನ, ತಡಕೊಂತಾನ."

ಇದಕ್ಕೆ ನೀನಿದ್ದರೆ ಏನು ಹೇಳುತ್ತಿದ್ದೆ, ಅಣ್ಣ? ಅವಳ ಬಳಿ ನಿನ್ನದೆಂದು ಉಳಿದಿರುವುದು ಒಳ್ಳೆಯ ಹೆಸರೊಂದೇ.

ಈ ಸಂಜೆ ಎಮ್ಮೆ ಹಿಂಡಿದ ಮೇಲೆ, ಮಾಳಪ್ಪನ ಮನೆಗೆ ಹಾಲು ಕೊಡುವ ತಂಬಿಗೆಯನ್ನು ಅವ್ವ ತೊಳೆದು, ಹಾಲು ತುಂಬದೆ ಬೋರಲು ಹಾಕಿದಳು. ನಾಳೆ ಬೆಳಗ್ಗೆ ಅದನ್ನೇ ತುಂಬಿಸಿಕೊಂಡು, ಓಣಿಯ ನಡುವೆಯೇ ನಡೆದುಹೋಗುತ್ತೇನೆ. ಬೆಂಕಿ ಹೇಗೆ ಹತ್ತಿತೆಂದು ಯಾರು ಕೇಳಿದರೂ ನಿನ್ನ ಹೆಸರು ಹೇಳುತ್ತೇನೆ.

ನಿನ್ನ ತಮ್ಮ