ಕೊಂಬಿನ ರುಮಾಲಿಗೆ ತಗಲದ ಸೂರು

ಒಮಾಚೆತೆ
ಸೆಪ್ಟೆಂಬರ್ ೨೧, ಭಾನುವಾರ

ಸ್ವಸ್ತಿ ಶ್ರೀ ಸಮಸ್ತ ಕೊಂಬಿನ ರುಮಾಲುಗಳ ಒಡತಿ, ಏಳು ಒಳಲಂಗಗಳ ಭಾರವನ್ನು ಹೂವಿನಂತೆ ಹೊತ್ತು ನಡೆಯುವ ಧೀರೆ, ಮೂವತ್ತೆರಡು ಹಸುಗಳನ್ನು ಒಂದೊಂದರ ಹೆಸರು ಹಿಡಿದು ಬೈಯಬಲ್ಲ ವಾಗ್ಮಿ, ಒಮಾಚೆತೆಯಿಂದ ಒಮರೂರಿನವರೆಗಿನ ಸಕಲ ಕಲ್ಲು ಗುಂಡಿಗಳಿಗೂ ಸುಪರಿಚಿತೆ, ಸದ್ಯ ಒಕಾಕರಾರಾದ ತಂಗಿಯ ಮನೆಯಲ್ಲಿ ಬಿಡಾರ ಹೂಡಿರುವ ಘನತೆವೆತ್ತ ಅಜ್ಜಿ ಆಲ್ವಿನೆ ಹೆಂಗಾರಿಯವರ ಪಾದಾರವಿಂದಗಳಿಗೆ, ಮೊಮ್ಮಗ ರಿಕೊಂಜಾ, ಕೈಗೆ ಸಿಗದಷ್ಟು ದೂರದಿಂದ, ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಹಸುಗಳು ಕ್ಷೇಮ. ಅಜ್ಜನೂ ಕ್ಷೇಮ, ಆದರೆ ಆ ವಿಷಯ ತಮಗೆ ಬೇಡವೆಂದು ತಾವೇ ಅಪ್ಪಣೆ ಕೊಟ್ಟಿರುವುದರಿಂದ ಅದನ್ನು ಬರೆದಿಲ್ಲವೆಂದು ಭಾವಿಸಬೇಕು.

ಫೋನ್ ಇರುವಾಗ ಕಾಗದವೇಕೆ ಎಂದು ಕೇಳಬಹುದು. ನಾಲ್ಕು ಸಲ ಫೋನ್ ಮಾಡಿದೆ. ಬಾಯಿ ತೆರೆಯುವಷ್ಟರಲ್ಲಿ ತಾವು ಕಟ್ ಮಾಡಿದಿರಿ. ಆಮೇಲೆ ತಮ್ಮ ತಂಗಿ ಎರ್ನಾ ಅಜ್ಜಿ ಗುಟ್ಟು ಬಿಚ್ಚಿದರು: "ನಿನ್ನ ದನಿ ಈಗೀಗ ಥೇಟ್ ನಿಮ್ಮಜ್ಜಂದೇ ಆಗ್ಬಿಟ್ಟಿದೆ ಕಣೋ. ಅವರೇ ಅಂದ್ಕೊಂಡು ಇಟ್ಟುಬಿಡ್ತಾಳೆ. ಹೆಂಗಸರ ದನಿ ಮಾಡ್ಕೊಂಡು ಮಾತಾಡಿ ನೋಡು." ಮಾಡಿ ನೋಡಿದೆ. ಅದಕ್ಕೆ ತಾವು ಕೊಟ್ಟ ಉತ್ತರವನ್ನು ಕಾಗದದ ಮೇಲೆ ಬರೆಯುವಂತಿಲ್ಲ.

ಆದಕಾರಣ ಈ ವರದಿ.

ಮೊದಲು ಪ್ರಕರಣದ ಹಿನ್ನೆಲೆ. ಕಳೆದ ಜೂನ್‌ನಲ್ಲಿ ನಮ್ಮೂರ ಮೆಕ್ಯಾನಿಕ್ ಉಸಿಯೆಲ್‌ನ ತಂಗಿಯ ಮದುವೆಗೆ ನಮ್ಮ ಹಳೆಯ ಗಾಡಿ ಕೆಂಪಿಯಲ್ಲಿ ಹೊರಟಿದ್ದೆವು. ಅಜ್ಜ ಸ್ಟೀರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ತಾವು, ತಲೆಯ ಮೇಲೆ ಎರಡು ದಿನ ಕೂತು ಸುತ್ತಿದ ಹೊಸ ರುಮಾಲು, ಹಸುವಿನ ಕೊಂಬಿನಂತೆ ಎರಡೂ ಕಡೆ ಚಾಚಿಕೊಂಡು. ಹಿಂದಿನ ಬೆಂಚಿನ ಮೇಲೆ ನಾನು ಮತ್ತು ಉಡುಗೊರೆಯ ಆಡು. ಒಣಹೊಳೆ ದಾಟುವಲ್ಲಿ ಆ ಗುಂಡಿ ಬಂತು. ನಲವತ್ತು ವರ್ಷದ ಕಮಾನು ಪಟ್ಟಿಗಳು, ಅಂದರೆ ಗಾಡಿಯ ಹಳೆಯ ಸ್ಪ್ರಿಂಗ್‌ಗಳು, ತಮ್ಮ ಧರ್ಮದಂತೆ ನಮ್ಮೆಲ್ಲರನ್ನೂ ಮೇಲಕ್ಕೆಸೆದವು. ತಮ್ಮ ಎಡಗೊಂಬು ಗಾಡಿಯ ಸೂರಿಗೆ ಬಡಿದು ಆಡಿನ ಕಿವಿಯಂತೆ ಜೋತುಬಿತ್ತು. ಆಗಲೇ ಗಾಡಿಯೊಳಗೆ ಒಂದು ನಗು ಕೇಳಿಸಿತು.

ತಾವು ತಿರುಗಿ ಕೂಡ ನೋಡಲಿಲ್ಲ. "ನಿಲ್ಸಿ" ಎಂದಿರಿ. ಇಳಿದಿರಿ. "ಈ ಸೂರು ನನ್ನ ರುಮಾಲಿಗೆ ತಗಲದೇ ಇರೋ ದಿನ ಬಂದ್ರೆ ಆಗ ಹತ್ತುತೀನಿ. ಅಲ್ಲೀವರ್ಗೂ ಈ ಗಾಡಿ ಜೊತೇನೇ ಸಂಸಾರ ಮಾಡ್ಕೊಂಡಿರಿ," ಎಂದು ಅಜ್ಜನ ಕಡೆ ಬೆರಳು ತೋರಿಸಿ, ಅದೇ ಕೊಂಬಿನಲ್ಲಿ ಮದುವೆ ಮನೆಯವರೆಗೆ ನಡೆದೇ ಹೋದಿರಿ. ಮರುದಿನ ಒಕಾಕರಾರಾ.

ಹೆಂಡತಿಯ ಕೊಂಬು ಮುರಿದಾಗ ನಗುವ ಗಂಡಸಿಗೆ ಕ್ಷಮೆಯುಂಟೇ? ಇಲ್ಲ. ನಾನೂ ಇಲ್ಲವೆಂದೇ ಹೇಳುತ್ತೇನೆ. ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ತಮ್ಮ ಪಕ್ಷ.

ತಾವು ಹೋದ ಮೇಲೆ ಅಜ್ಜ ನಾಲ್ಕನೆಯ ದಿನ ಬೆಳಿಗ್ಗೆ ಬಿಳಿಹಣೆ ಎತ್ತನ್ನು ಉಸಿಯೆಲ್‌ನ ಟ್ರೇಲರ್‌ಗೆ ಹತ್ತಿಸಿ ಒಚಿವರೊಂಗೊ ಪೇಟೆಯ ಗುಜರಿ ಅಂಗಡಿಗೆ ಹೊರಟರು. ಸಂಜೆ ಬಂದಾಗ ಟ್ರೇಲರ್‌ನಲ್ಲಿ ಬಿಳಿಹಣೆ ಇರಲಿಲ್ಲ. ಅದರ ಜಾಗದಲ್ಲಿ ಎಣ್ಣೆ ಮೆತ್ತಿದ ಎರಡು ಆಕ್ಸಲ್‌ಗಳು, ನಾಲ್ಕು ಸುರುಳಿ ಸ್ಪ್ರಿಂಗ್‌ಗಳು, ಒಂದು ಹೊರೆ ಕಬ್ಬಿಣದ ತೋಳುಗಳು. ಎಲ್ಲೋ ಮಗುಚಿಬಿದ್ದ ಹೊಸ ತಲೆಮಾರಿನ ಗಾಡಿಯೊಂದರ ಕಾಲುಗಳು ಅವು. ಗುಜರಿಯವನು ಹಣ ಬೇಡ, ಎತ್ತು ಕೊಡು ಅಂದನಂತೆ. ಹೌದು, ಬಿಳಿಹಣೆಯನ್ನೇ. ಹೋದ ವರ್ಷ ಸ್ವಂತ ಅಣ್ಣ ಕೇಳಿದಾಗ "ನನ್ನ ಹೆಣ ಹೊರೋಕೆ ಬಂದಾಗ ಕೇಳು" ಎಂದಿದ್ದರಲ್ಲ, ಅದನ್ನು. ನಾನು ಬಾಯಿ ತೆರೆದೆ. ಅಜ್ಜ ನನ್ನ ಬಾಯಿಗೆ ಟಾರ್ಚ್ ಕಚ್ಚಲು ಕೊಟ್ಟು ಗಾಡಿಯ ಕೆಳಗೆ ತೂರಿದರು.

ಮರುದಿನ ಹೊಸ ಆಕ್ಸಲ್‌ಗಳನ್ನು ಪವಿತ್ರ ಬೆಂಕಿಯ ಬಳಿಗೆ ಉರುಳಿಸಿಕೊಂಡು ಹೋಗಿ, ಮನೆಗೆ ಬಂದ ಹೊಸ ಕಡಸನ್ನು ತೋರಿಸುವಂತೆ ಗತಿಸಿದ ಹಿರಿಯರಿಗೆ ತೋರಿಸಿದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ತಮ್ಮ ಹೆಸರು ಮಾತ್ರ ಎರಡು ಸಲ ಕೇಳಿಸಿತು.

ಆಮೇಲಿನ ಹತ್ತು ವಾರಗಳನ್ನು ನಾನು ಚಾಸಿಯ ಕೆಳಗೆ, ಬೆನ್ನ ಮೇಲೆ ಮಲಗಿ ಕಳೆದೆ. ಹಳೆಯ ಕಮಾನು ಪಟ್ಟಿಗಳನ್ನು ಬಿಚ್ಚಲು ನಾಲ್ಕು ದಿನ. ಅವನ್ನು ಹಿಡಿದುಕೊಂಡಿದ್ದ ಕಬ್ಬಿಣದ ಕಿವಿಗಳನ್ನು ಗ್ರೈಂಡರ್‌ನಲ್ಲಿ ಕತ್ತರಿಸಲು ಎರಡು ದಿನ. ಉಸಿಯೆಲ್ ದಾರ ಹಿಡಿದು, ತೂಗುಗುಂಡು ಬಿಟ್ಟು, ಸುರುಳಿ ಕೂರುವ ಬಟ್ಟಲುಗಳನ್ನು ಬೆಸೆಯಲು ಜಾಗ ಗುರುತು ಮಾಡುತ್ತಿದ್ದ. ಅಜ್ಜ ಅದನ್ನು ಅಳಿಸಿ ಮತ್ತೆ ಅಳೆಯುತ್ತಿದ್ದರು.

"ಅಯ್ಯಾ, ಐದು ಸಲ ಅಳೆದಾಯ್ತು. ಮನೆ ಪಾಯ ಹಾಕ್ತಿದೀವಾ?"

"ನಿಂಗೆ ಮದ್ವೆ ಆಗಿದ್ಯಾ?"

"ಇಲ್ಲ."

"ಹಂಗಾದ್ರೆ ದಾರ ಹಿಡ್ಕೊ."

ಹೊಸ ಆಕ್ಸಲ್ ಹಳೆಯದಕ್ಕಿಂತ ಅಂಗೈಯಷ್ಟು ಅಗಲ. ಚಕ್ರಗಳು ಈಗ ಗಾಡಿಯ ಮೈಯಿಂದ ಹೊರಗೆ ಇಣುಕುತ್ತವೆ. ಕೆಂಪಿ ತುಂಬು ಗಬ್ಬದ ಹಸುವಿನಂತೆ ಕಾಲು ಅಗಲಿಸಿ ನಿಲ್ಲುತ್ತಾಳೆ. ಅವಮಾನ ಮಾಡುತ್ತಿಲ್ಲ, ಚಂದವಾಗಿಯೇ ಕಾಣುತ್ತಾಳೆ.

ಈಗ ವರದಿಯ ಗಂಭೀರ ಭಾಗ, ಅಂದರೆ ಪರೀಕ್ಷೆ. ರುಮಾಲಿಗೆ ತಗಲುತ್ತದೋ ಇಲ್ಲವೋ ತಿಳಿಯಬೇಕಾದರೆ ರುಮಾಲು ಬೇಕು, ಅದರ ಕೆಳಗೆ ತಮ್ಮಷ್ಟೇ ಎತ್ತರದ ತಲೆ ಬೇಕು. ಅಜ್ಜ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನನ್ನ ಪಾಲಿಗೆ ಬಂದ ಈ ಗೌರವವನ್ನು ತಮ್ಮ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ನೀಲಿ ರುಮಾಲಿನೊಂದಿಗೆ ಸ್ವೀಕರಿಸಿದೆ. ಊರ ಬಾವಿಯ ಮುಂದೆ ಹಾದು ಹೋಗುವಾಗ ಉಸಿಯೆಲ್ ಹಿಂದಿನ ಬೆಂಚಿನಿಂದ ಎಲ್ಲರಿಗೂ ಕೇಳುವಂತೆ, "ದಾರಿ ಬಿಡ್ರಪ್ಪಾ, ಹೊಸ ಸೊಸೆ ಬಂದವ್ಳೆ. ಹಸು ಎಷ್ಟು ಕೊಟ್ರು ಅಂತ ಕೇಳ್ಬೇಡಿ, ಮೀಸೆ ಬಂದಿರೋದ್ರಿಂದ ರೇಟು ಕಮ್ಮಿ," ಎಂದು ಕೂಗಿದ. ನಾನು ಕೊಂಬು ಅಲ್ಲಾಡದಂತೆ ಕುತ್ತಿಗೆ ನೆಟ್ಟಗಿಟ್ಟುಕೊಂಡು ಕೂತಿದ್ದೆ. ಆಗ ಅನ್ನಿಸಿತು, ತಾವು ಇಷ್ಟು ವರ್ಷ ಅದನ್ನು ಹೇಗೆ ಹೊತ್ತಿರೋ.

ಅದೇ ಒಣಹೊಳೆ, ಅದೇ ಗುಂಡಿ. ಎಡಗೊಂಬು ಮತ್ತೆ ಸೂರಿಗೆ ಬಡಿಯಿತು.

ಗಾಡಿಯೊಳಗೆ ಯಾರೂ ನಗಲಿಲ್ಲ. ಉಸಿಯೆಲ್ ಇಳಿದು ಸುರುಳಿಗಳ ಮೇಲೆ ಕೈಯಾಡಿಸಿ, "ಇವು ಭಾರದ ಗಾಡಿಯವು ಅಯ್ಯಾ. ಖಾಲಿ ಗಾಡೀಲಿ ಜಗ್ಗಲ್ಲ. ಗುಜರಿಯವನು ಗಟ್ಟಿ ಜೋಡಿ ತಲೆಗೆ ಕಟ್ಟಿದಾನೆ," ಎಂದ. ಅಜ್ಜ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಅವರನ್ನು ಅಷ್ಟು ಮುದುಕರಾಗಿ ನಾನು ಹಿಂದೆ ನೋಡಿರಲಿಲ್ಲ. ಇನ್ನೂ ಕೊಡಲು ಬಿಳಿಹಣೆಯಂಥ ಎತ್ತು ಎಲ್ಲಿತ್ತು?

ಆದರೆ ಮರುದಿನ ಮತ್ತೆ ಹೋದರು. ಗುಜರಿಯವನ ಎದುರು ಏನೂ ಕೂಗಾಡಲಿಲ್ಲವಂತೆ. "ನನ್ ಹೆಂಡ್ತಿ ಮೂರು ತಿಂಗಳಿಂದ ತಂಗಿ ಮನೇಲಿದಾಳೆ," ಎಂದಷ್ಟೇ ಹೇಳಿದರಂತೆ. ಅವನು ಮೆದು ಜೋಡಿಯನ್ನು ತಾನೇ ಹೊತ್ತು ಟ್ರೇಲರ್‌ಗೆ ಇಟ್ಟನಂತೆ.

ಮೊನ್ನೆ ಶುಕ್ರವಾರ ಎರಡನೆಯ ಪರೀಕ್ಷೆ. ತಲೆಯ ಮೇಲೆ ರುಮಾಲು, ತೊಡೆಯ ಮೇಲೆ ಕಂಠಮಟ್ಟ ತುಂಬಿದ ಹುಳಿಹಾಲಿನ ಲೋಟ. ಗುಂಡಿ ಬಂತು. ಕೆಂಪಿ ಒಂದು ಕಾಲು ಕೆಳಗಿಟ್ಟಳು, ಇನ್ನೊಂದು ಎತ್ತಿದಳು, ಮೈ ಬಾಗಿಸಿದಳು, ದಾಟಿದಳು. ನೀರಿಗಿಳಿದ ಹಸುವಿನಂತೆ.

"ತಗಲ್ತಾ?" ಅಜ್ಜ ಕೇಳಿದರು.

"ಇಲ್ಲ ಅಜ್ಜ."

"ಎಡಗಡೇದು?"

"ಅದೂ ಇಲ್ಲ. ಹಾಲೂ ಚೆಲ್ಲಿಲ್ಲ."

ಗಾಡಿ ತಿರುಗಿಸಿ ಮತ್ತೆ ಅದೇ ಗುಂಡಿಗೆ ಇಳಿಸಿದರು. ಮತ್ತೆ ಕೇಳಿದರು. ಏಳು ಸಲ, ಅಜ್ಜಿ. ಏಳನೆಯ ಸಲ ಹಾಲನ್ನು ಅವರೇ ಕುಡಿದರು.

ಒಂದೇ ಒಂದು ತೊಡಕು ಉಳಿಯಿತು. ಸುರುಳಿಗಳ ಮೇಲೆ ಕೂತ ಕೆಂಪಿ ಒಂದು ಗೇಣು ಎತ್ತರವಾಗಿದ್ದಾಳೆ. ಏಳು ಒಳಲಂಗಗಳಲ್ಲಿ ಅಷ್ಟೆತ್ತರ ಹತ್ತುವುದು ಹೇಗೆ? ಅಜ್ಜ ಹಳೆಯ ಕಮಾನು ಪಟ್ಟಿಗಳಲ್ಲಿ ಒಂದನ್ನು ಉಜ್ಜಿ, ಬಣ್ಣ ಬಳಿದು, ತಮ್ಮ ಬಾಗಿಲ ಕೆಳಗೆ ಮೆಟ್ಟಿಲು ಮಾಡಿದ್ದಾರೆ. ಬೆಸೆಯಬೇಡಿ, ಆ ಉಕ್ಕು ಬೆಸೆದರೆ ಸೀಳುತ್ತದೆ ಎಂದ ಉಸಿಯೆಲ್. ಹಾಗಾಗಿ ನಾಲ್ಕು ಬೋಲ್ಟು. ನಲವತ್ತು ವರ್ಷ ತಮ್ಮನ್ನು ಎತ್ತೆಸೆದ ಪಟ್ಟಿಯ ಮೇಲೆ ಇನ್ನು ತಾವು ಕಾಲಿಟ್ಟು ತುಳಿಯಬಹುದು. ನಾನು ಸೊಂಟಕ್ಕೆ ಎರಡು ಕಂಬಳಿ ಸುತ್ತಿಕೊಂಡು ಹತ್ತಿ ನೋಡಿದ್ದೇನೆ. ಅದನ್ನು ಊರಲ್ಲಿ ಯಾರೂ ಮರೆತಿಲ್ಲ.

ಗುರುವಾರ ಅಜ್ಜ ಒಕಾಕರಾರಾಗೆ ಬರುತ್ತಾರೆ. ಒಂದು ಹೋರಿ ನೋಡಲು ಹೊರಟಿದ್ದೆ, ದಾರಿಯಲ್ಲಿ ಮನೆ ಸಿಕ್ಕಿತು ಎಂದು ಬಂದೆ ಎನ್ನುತ್ತಾರೆ. ಯಾವ ಹೋರಿಯೂ ಇಲ್ಲ. ಮುನ್ನೂರು ಕಿಲೋಮೀಟರಿನ ಆ ದಾರಿಯಲ್ಲಿ ತಮ್ಮ ತಂಗಿಯ ಮನೆ ಯಾರಿಗೂ ಹಾಗೆ ಸುಮ್ಮನೆ ಸಿಕ್ಕುವುದೂ ಇಲ್ಲ. ಹಿರಿಯರ ಗೋರಿಗಳಿಗೆ ಮೆರವಣಿಗೆ ಹೋಗುವ ಬಿಳಿ ಬಾವುಟದ ದಿನಕ್ಕೆ ಮೂರೇ ವಾರ. ಒಮರೂರಿನಲ್ಲಿ ಹೆಂಗಸರ ಸಾಲಿನಲ್ಲಿ ತಾವು ನಡೆಯದೆ ಇದ್ದರೆ ತಮ್ಮ ಜಾಗಕ್ಕೆ ಯಾರು ನುಗ್ಗುತ್ತಾರೆಂದು ನಾನು ಹೇಳಬೇಕಿಲ್ಲ. ಅಜ್ಜ ಬಾಯಿಬಿಟ್ಟು ಬಾ ಎನ್ನುವುದಿಲ್ಲ. ಬಾಗಿಲು ತೆರೆದು ಮೆಟ್ಟಿಲ ಕಡೆ ನೋಡುತ್ತಾ ನಿಲ್ಲುತ್ತಾರೆ. ಅಷ್ಟಕ್ಕೆ ಅರ್ಥ ಮಾಡಿಕೊಳ್ಳಬೇಕೆಂದು ಪ್ರಾರ್ಥನೆ. ದೊಡ್ಡ ರುಮಾಲನ್ನೇ ಸುತ್ತಿ ಕೂರಿ. ತಗಲಿದರೆ ಅಲ್ಲೇ ಇಳಿದುಬಿಡಿ.

ಇಂತಿ ತಮ್ಮ ನ್ಯಾಯಪರ, ಸತ್ಯಸಂಧ, ಎಂದೆಂದಿಗೂ ತಮ್ಮ ಪಕ್ಷದ ಮೊಮ್ಮಗ,
ರಿಕೊಂಜಾ

ತಾ.ಕ.: ಅಜ್ಜಿ, ಒಂದು ಸಣ್ಣ ವಿಷಯ. ರುಮಾಲಿನ ಕೊಂಬು ನಿಲ್ಲಲು ನೀನು ಒಳಗೆ ಹಳೆಯ ಪತ್ರಿಕೆ ಸುರುಳಿ ಸುತ್ತಿ ಇಟ್ಟಿದ್ದೆಯಲ್ಲ, ಅದು ಎಡಗೊಂಬು ಬಿಚ್ಚಿಕೊಂಡಾಗ ಹೊರಗೆ ಇಣುಕಿತು. "ಇಂದು ಗಾಳಿ ಜೋರು" ಎಂದು ದಪ್ಪಕ್ಷರದ ಹವಾಮಾನ ಸುದ್ದಿಯಿತ್ತು ಅದರಲ್ಲಿ. ಅಜ್ಜ ರಸ್ತೆ ನೋಡುತ್ತಿದ್ದರು, ಅವರಿಗೆ ಕಾಣಿಸುವಂತಿರಲಿಲ್ಲ. ಹಿಂದಿನ ಬೆಂಚಿಗೆ ಚೆನ್ನಾಗಿ ಕಾಣಿಸುತ್ತಿತ್ತು. ನಕ್ಕಿದ್ದು ನಾನು. ತಕ್ಷಣ ಆಡಿನ ಹೊಟ್ಟೆಗೆ ಮುಖ ಒತ್ತಿಕೊಂಡೆ. ಅಜ್ಜನಿಗೆ ಅವತ್ತಿನಿಂದಲೂ ಗೊತ್ತು. ಯಾಕೆ ಹೇಳಲಿಲ್ಲ ಎಂದು ಗಾಡಿಯ ಕೆಳಗೆ ಒಮ್ಮೆ ಕೇಳಿದೆ. "ನಕ್ಕಿದ್ದು ಯಾರಾದ್ರೇನು, ತಗಲಿದ್ದು ನನ್ ಗಾಡಿ ಸೂರಿಗೆ ತಾನೆ? ಹದಿನೇಳರ ಸ್ಪ್ಯಾನರ್ ಕೊಡು," ಎಂದರು.