ಅರದಿಂದ ಉಜ್ಜಿದ ರ‍್ಯಾಮ್

ಮಾರ್ಚ್ ೪, ಬೆಳಗ್ಗೆ

ಸಮಸ್ತ ಮನುಕುಲಕ್ಕೆ ತಿಳಿಯಪಡಿಸುವುದೇನೆಂದರೆ — ಇಂದು ಹಲ್ಲುಜ್ಜಿ, ಕಾಫಿ ಕುಡಿದು, ಅಕ್ಕನ ಹಳೇ ಕಂಪ್ಯೂಟರಿನ ಉದ್ಧಾರಕ್ಕೆ ಹೊರಟಿದ್ದೇನೆ.

ಅಕ್ಕ ಟೈಲರ್. ಬಟ್ಟೆ ಕತ್ತರಿಸುವ ನಕ್ಷೆಗಳೆಲ್ಲ ಅದರೊಳಗೇ. ಆ ಸಾಫ್ಟ್‌ವೇರ್ ಬೇರೆ ಯಾವ ಕಂಪ್ಯೂಟರಿನಲ್ಲೂ ಏಳುವುದಿಲ್ಲ. ಆದರೆ ವೇಗದಲ್ಲಿ ಅದು ಆಮೆ. ಒಂದು ತೋಳಿನ ನಕ್ಷೆ ತೆರೆದುಕೊಳ್ಳುವಷ್ಟರಲ್ಲಿ ಅಂಗಿಗೆ ಗುಂಡಿ ಹಾಕಿ ಮುಗಿಸಿರುತ್ತಾಳೆ. ಮದ್ದು — ಅದಕ್ಕೆ ಇನ್ನಷ್ಟು ನೆನಪಿನ ಶಕ್ತಿ, ಅಂದರೆ ಹೆಚ್ಚು ರ‍್ಯಾಮ್. ಕೊಂಡಾಯಿತು. ಕುಟುಂಬದ ಏಕೈಕ ಕಂಪ್ಯೂಟರ್ ತಜ್ಞ ನಾನು. ನೇಮಕ ಮಾಡಿಕೊಂಡದ್ದೂ ನಾನೇ.

ಅದೇ ದಿನ, ಮಧ್ಯಾಹ್ನ

ಇದ್ದ ಎರಡು ಹಳೇ ರ‍್ಯಾಮ್ ಪಟ್ಟಿ ತೆಗೆದೆ. ಹೊಸದು ಕೂರಲಿಲ್ಲ. ಪಟ್ಟಿಯ ಕಚ್ಚು ಒಂದು ಕಡೆ, ಅದು ಕೂರಬೇಕಾದ ಸ್ಲಾಟಿನ ಉಬ್ಬು ಇನ್ನೊಂದು ಕಡೆ. ಕೂದಲೆಳೆಯಷ್ಟು ವ್ಯತ್ಯಾಸ. ಅಷ್ಟಕ್ಕೆಲ್ಲ ಹಿಮ್ಮೆಟ್ಟುವ ಆಸಾಮಿಯೇ? ಅಕ್ಕನ ಉಗುರು ಉಜ್ಜುವ ಅರ ತಂದು ಕಚ್ಚನ್ನು ಅಗಲ ಮಾಡಿದೆ.

"ಏನೋ ಪಂಡಿತ, ಕಂಪ್ಯೂಟರಿಗೆ ಮ್ಯಾನಿಕ್ಯೂರಾ?"

"ಸುಮ್ನಿರಕ್ಕಾ, ಟೆಕ್ನಿಕಲ್ ಕೆಲಸ."

ಒತ್ತಿದೆ. ಟಕ್ ಅಂತು. ಆನ್ ಮಾಡಿದೆ. ಕೀ... ಕೀ... ಪರದೆ ಕಪ್ಪು. ಕಿತ್ತು ನೋಡಿದರೆ ಸ್ಲಾಟಿನ ಉಬ್ಬು ಮುರಿದಿದೆ, ಪಿನ್ನುಗಳು ಬಾಗಿವೆ.

ಬಿಚ್ಚಿಟ್ಟಿದ್ದ ಕಂಪ್ಯೂಟರಿನ ಮುಚ್ಚಳ ಮಗುಚಿ ನೋಡಿದೆ. ಒಳಮೈಯಲ್ಲಿ ಚೀಟಿ — ನಮ್ಮ ಕಂಪನಿಯ ರ‍್ಯಾಮ್ ಮಾತ್ರ ಹಾಕಿ, ಬೇರೆಯದು ಕೂರುವುದಿಲ್ಲ. ದಪ್ಪಕ್ಷರ. ಬೆಳಗ್ಗೆಯಿಂದ ಅದರ ಬೆನ್ನ ಮೇಲೇ ಕಾಫಿ ಲೋಟ ಇಟ್ಟಿದ್ದೆ.

"ಹಾಳಾಯ್ತೇನೋ? ನಾಟಕದವರ ಬಟ್ಟೆ ಶುಕ್ರವಾರಕ್ಕೆ ಕೊಡ್ಬೇಕು ಕಣೋ."

ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು — "ಕಿಟಕಿ ಹತ್ರ ಇಟ್ಟಿದ್ದೀಯಲ್ಲ. ಧೂಳು. ಇನ್ನೇನಾಗತ್ತೆ?"

"ಹೌದಾ... ನಂದೇ ತಪ್ಪು ಬಿಡು. ನಿನ್ನ ರಜಾನೂ ಹಾಳು ಮಾಡ್ದೆ."

ಊಟ ಬಡಿಸಿದಳು. ಎರಡು ಸಲ ಬಡಿಸಿಕೊಂಡೆ. ನಾಚಿಕೆಗೆ ಹಸಿವು ಜಾಸ್ತಿಯೆಂದು ಕಾಣುತ್ತದೆ.

ಮಾರ್ಚ್ ೫

ಉಳಿದ ಸ್ಲಾಟಿಗೆ ಹಳೇ ಪಟ್ಟಿ ಒಂದನ್ನು ಹಾಕಿದೆ. ಎದ್ದಿತು! ನಕ್ಷೆಗಳು ಕ್ಷೇಮ. ವೇಗ — ಆಮೆಯೂ ಹಿಂತಿರುಗಿ ನೋಡಿ ನಗುವಷ್ಟು.

"ಪರವಾಗಿಲ್ಲ ಕಣೋ, ಜೀವ ಉಳಿಸಿದ್ಯಲ್ಲ!" ಪಕ್ಕದ ಮನೆಯವರನ್ನೂ ಕರೆದು ನನ್ನನ್ನು ತೋರಿಸಿದಳು. ನಿಜ ಹೇಳಲು ಬಾಯಿ ತೆರೆದೆ. ಆಕಳಿಸಿ ಮುಚ್ಚಿದೆ.

ಮಾರ್ಚ್ ೨೩

ಇಷ್ಟು ದಿನ ಅಕ್ಕನ ಮನೆ ಕಡೆ ತಲೆ ಹಾಕಿರಲಿಲ್ಲ. ಇಂದು ಹೋದೆ. ಹಾಡಹಗಲೇ ಟ್ಯೂಬ್‌ಲೈಟು. ಕಿಟಕಿಗೆ ದಪ್ಪ ಬಟ್ಟೆ, ಮೊಳೆ, ಸುತ್ತ ಟೇಪು. ಒಳಗೆ ಧಗೆ. ಅಕ್ಕ ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ದಾರ ಪೋಣಿಸುತ್ತಿದ್ದಳು. ಆಗದೆ ನನ್ನ ಕೈಗೆ ಕೊಟ್ಟಳು.

"ಧೂಳು ಒಂಚೂರೂ ಬರಲ್ಲ ಈಗ. ನೋಡು, ನೀನು ಹೇಳಿದ ಹಾಗೇ ಮಾಡಿದೀನಿ."

ಪೋಣಿಸಿ ಕೊಟ್ಟೆ. "ಒಳ್ಳೇದು ಮಾಡ್ದೆ" ಅಂದೆ.

ಅಂದೆ!

ಮಾರ್ಚ್ ೨೪

ನೆಟ್ಟಗೆ ಹೋಗಿ ಹೇಳುವ ಗಂಡಸಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ಪುಟ ಯಾರ ಕೈಗಾದರೂ ಸಿಕ್ಕರೆ, ಒಂದು ಸಣ್ಣ ಉಪಕಾರ. ಬಟ್ಟೆ ಹೊಲಿಸುವ ನೆಪದಲ್ಲಿ ಅಕ್ಕನ ಮನೆಗೆ ಹೋಗಿ, ಆ ಕಿಟಕಿ ತೆರೆದುಬಿಡಿ. ಎಡಗಡೆಯ ಮೊಳೆ ಸಡಿಲವಾಗಿದೆ, ಅಲ್ಲಿಂದ ಶುರು ಮಾಡಿ. ಯಾರು ಹೇಳಿದ್ದು ಎಂದು ಕೇಳಿದರೆ, ನಿಮ್ಮ ತಮ್ಮ...